ಡ್ಯೂಟಿ ಟೈಮ್ ದಿನಕ್ಕೊಂದು ಥರ. ವಾಕಿಂಗ್ ಅಭ್ಯಾಸ ಹಿಡಿಯೋದು ಹೇಗೆ?

ಘಾಟಿ ಕಂಡಕ್ಟರ್

ಎಲ್ಲರಿಗೂ ನಮಸ್ಕಾರ. ನಾನು ಬಸ್ ಕಂಡಕ್ಟರ್, ಚಿಕ್ಕಮಗಳೂರು ಕಡೆಯವನು. ವಯಸ್ಸು ನಲವತ್ತರ ಹತ್ತಿರ. ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದೆ. ಮೂರು ತಿಂಗಳ ಸಕ್ಕರೆಯ ಸರಾಸರಿ ಅಂತಾರಲ್ಲ, ಎಚ್‌ಬಿಎ1ಸಿ, ಅದು 6.1 ಬಂತು. "ಇನ್ನೂ ಶುಗರ್ ಅಲ್ಲ, ಬಾರ್ಡರ್‌ನಲ್ಲಿದ್ದೀರಿ. ಸದ್ಯಕ್ಕೆ ಮಾತ್ರೆ ಬೇಡ. ದಿನಾ ಅರ್ಧ ಗಂಟೆ ವಾಕ್ ಮಾಡಿ, ಟೀ ಕಡಿಮೆ ಮಾಡಿ" ಎಂದರು ಡಾಕ್ಟರು. ಹೇಳುವುದಕ್ಕೆ ಎರಡೇ ಮಾತು.

ನನ್ನ ಕಷ್ಟ ಏನೆಂದರೆ ನನಗೆ "ದಿನಾ ಇದೇ ಹೊತ್ತು" ಅನ್ನುವುದೇ ಇಲ್ಲ. ಒಂದು ದಿನ ಮೊದಲ ಬಸ್, ಬೆಳಿಗ್ಗೆ ಐದಕ್ಕೆ ಡಿಪೋದಲ್ಲಿ ಟಿಕೆಟ್ ಮಿಷನ್ ಕೈಯಲ್ಲಿರಬೇಕು. ಇನ್ನೊಂದು ದಿನ ಮಧ್ಯಾಹ್ನ ಹತ್ತಿದರೆ ರಾತ್ರಿ ಕ್ಯಾಶ್ ಕಟ್ಟಿ ಮನೆ ಸೇರುವಾಗ ಹತ್ತೂವರೆ. ಮಧ್ಯೆ ಮಧ್ಯೆ ಹಳ್ಳಿಯಲ್ಲಿ ನೈಟ್ ಹಾಲ್ಟ್. ಮೂಡಿಗೆರೆ ಕಡೆಯ ಊರು. ಬಸ್ಸಿನಲ್ಲೇ ಮಲಗುವುದು. ಮಳೆಗಾಲದಲ್ಲಿ ಅಲ್ಲಿ ರಸ್ತೆಗಿಳಿದರೆ ಕಾಲಿಗೆ ಇಂಬಳ ಹತ್ತುತ್ತದೆ. ಕರೆಂಟ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಎರಡನೆಯದು ಟೀ. ನಮ್ಮದು ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಇಳಿದು ಉಜಿರೆ, ಧರ್ಮಸ್ಥಳ ರೂಟು. ಬಸ್ ನಿಲ್ಲಿಸುವ ಹೋಟೆಲಿನಲ್ಲಿ ಡ್ರೈವರ್-ಕಂಡಕ್ಟರ್‌ಗೆ ದುಡ್ಡಿಲ್ಲ, ನಿಮಗೂ ಗೊತ್ತಿರಬಹುದು. ಕೂತರೆ ಸಾಕು, ಕೇಳದೆಯೇ ಟೀ ಬರುತ್ತದೆ, ಘಟ್ಟದ ಕೆಳಗಾದರೆ ಜೊತೆಗೆ ಬಿಸಿ ಗೋಳಿಬಜೆ. ಬೇಡ ಎಂದರೆ "ಯಾಕಣ್ಣ, ನಮ್ಮ ಟೀ ಸರಿಯಿಲ್ವಾ?" ಅಂತಾರೆ. ಘಾಟಿ ಹತ್ತಿ ಇಳಿದು ಸಂಜೆಯಾಗುವ ಹೊತ್ತಿಗೆ ಆರು ಟೀ ಸಲೀಸಾಗಿ ಆಗಿರುತ್ತದೆ.

ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದರೆ ಎರಡು ದಿನ ಹುರುಪು ಬರುತ್ತದೆ. ಆಮೇಲೆ ಹಾಲ್ಟ್ ಡ್ಯೂಟಿ ಬಂತು ಎಂದರೆ ಎಲ್ಲ ಮುರಿದುಬೀಳುತ್ತದೆ. ಸೋಮವಾರದಿಂದ ಅನ್ನುತ್ತೇನೆ, ಯುಗಾದಿಯಿಂದ ಅನ್ನುತ್ತೇನೆ. ಟೈಮ್ ಗ್ಯಾರಂಟಿ ಇಲ್ಲದ ಕೆಲಸದಲ್ಲಿ ಇರುವವರು ಯಾರಾದರೂ ಇದ್ದರೆ ಹೇಳಿ, ನೀವು ಹೇಗೆ ನಿಭಾಯಿಸುತ್ತೀರಿ?

ಅರುಣೋದಯ

ಬೆಳಿಗ್ಗೆ 4.30ಕ್ಕೆ ಏಳಿ. ತಣ್ಣೀರು ಸ್ನಾನ ಮಾಡಿ. ಹೊರಗೆ ಹೊರಡಿ. 21 ದಿನ ತಪ್ಪದೆ ಮಾಡಿದರೆ ದೇಹಕ್ಕೆ ಅಭ್ಯಾಸ ಆಗಿಬಿಡುತ್ತದೆ. ಮನಸ್ಸು ಗಟ್ಟಿ ಇರಬೇಕು ಅಷ್ಟೇ. ನಾನು ಹೀಗೇ ಮಾಡಿದ್ದು.

ಘಾಟಿ ಕಂಡಕ್ಟರ್

ಸರ್, ನಾಲ್ಕಕ್ಕೇ ಏಳುತ್ತೇನೆ. ಆದರೆ ನನಗಿಂತ ಮುಂಚೆ ಬಸ್ಸು ಎದ್ದಿರುತ್ತದೆ 🙂 ಮಧ್ಯಾಹ್ನದ ಡ್ಯೂಟಿ ಮುಗಿಸಿ ಹನ್ನೊಂದಕ್ಕೆ ಮಲಗಿದ ದಿನ 4.30ಕ್ಕೆ ಎದ್ದರೆ, ಟಿಕೆಟ್ ಕೊಡುವ ಹೊತ್ತಿಗೆ ಚಿಲ್ಲರೆ ಲೆಕ್ಕ ತಪ್ಪುತ್ತದೆ. ಕಡಿಮೆ ಬಿದ್ದದ್ದನ್ನು ಕೈಯಿಂದ ಕಟ್ಟಬೇಕು.

ಪಾಠದ ಮೇಷ್ಟ್ರು

ಕಂಡಕ್ಟರ್ ಸಾಹೇಬರೇ, ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುವವನು. ಮೊದಲು ಆ 21 ದಿನದ ಕತೆ ಮುಗಿಸಿಬಿಡೋಣ. ಪ್ರತಿ ವರ್ಷ ಒಬ್ಬ ಹುಡುಗನಾದರೂ ತರಗತಿಯಲ್ಲಿ ಇದನ್ನು ಎತ್ತುತ್ತಾನೆ.

ಅಮೆರಿಕದಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ ಇದ್ದರು. ಮುಖದ ಆಪರೇಷನ್ ಆದವರಿಗೆ ಕನ್ನಡಿಯಲ್ಲಿ ಹೊಸ ಮುಖ ಒಗ್ಗಲು ಕಡಿಮೆ ಎಂದರೂ ಮೂರು ವಾರ ಬೇಕಾಗುತ್ತದೆ ಎಂದು 1960ರ ತಮ್ಮ ಪುಸ್ತಕದಲ್ಲಿ ಬರೆದರು. "ಕಡಿಮೆ ಎಂದರೂ" ಅನ್ನುವುದು ಬಾಯಿಂದ ಬಾಯಿಗೆ ಹೋಗುತ್ತಾ ಬಿದ್ದುಹೋಯಿತು. ಮೂಗಿನ ಆಪರೇಷನ್ ಲೆಕ್ಕ ಎಲ್ಲ ಅಭ್ಯಾಸಕ್ಕೂ ಅಂಟಿಕೊಂಡಿತು. ಅದು ಬೆಳಿಗ್ಗೆ ಏಳುವುದರ ಲೆಕ್ಕವೇ ಅಲ್ಲ.

ನಿಜವಾಗಿ ಅಳೆದು ನೋಡಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಯವರು. 2010ರಲ್ಲಿ ಪ್ರಕಟವಾದ ಅಧ್ಯಯನ. 96 ಜನ, 12 ವಾರ. ಪ್ರತಿಯೊಬ್ಬರೂ ಒಂದು ಸಣ್ಣ ಕೆಲಸ ಆರಿಸಿಕೊಂಡರು. "ತಿಂಡಿ ಆದ ಮೇಲೆ ಇದು ಮಾಡುತ್ತೇನೆ" ಅನ್ನುವ ಥರದ್ದು. ಯೋಚಿಸದೆ ತಾನಾಗಿ ಆಗುವ ಮಟ್ಟಕ್ಕೆ ಬರಲು ಮಧ್ಯದ ಲೆಕ್ಕ 66 ದಿನ. ಕೆಲವರಿಗೆ 18, ಕೆಲವರಿಗೆ 254ರವರೆಗೆ ಬೇಕಾಗುತ್ತದೆ ಎಂದು ಅಂದಾಜು. ನೀರು ಕುಡಿಯುವಂಥದ್ದು ಬೇಗ ಹಿಡಿಯಿತು, ವ್ಯಾಯಾಮ ನಿಧಾನ. ನಿಮಗೆ ಬೇಕಾದ ಮಾತು ಇನ್ನೊಂದಿದೆ: ನಡುವೆ ಒಂದು ದಿನ ತಪ್ಪಿದವರಿಗೆ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ. ಹಾಲ್ಟ್ ಡ್ಯೂಟಿಯ ದಿನ ತಪ್ಪಿತು ಎಂದು ಮುಂದಿನ ಸೋಮವಾರಕ್ಕೆ ಕಾಯುತ್ತೀರಲ್ಲ, ಹಾಳು ಮಾಡುವುದು ಆ ಕಾಯುವುದು. ತಪ್ಪಿದ ದಿನ ಅಲ್ಲ.

ಇನ್ನೊಂದು ವಿಷಯ ಹೇಳದೆ ಇರಲಾರೆ. ಓಡಾಟಕ್ಕೂ ಹೃದಯಕ್ಕೂ ಸಂಬಂಧ ಇದೆ ಎಂದು ಜಗತ್ತಿಗೆ ಮೊದಲು ಗಟ್ಟಿಯಾಗಿ ತೋರಿಸಿದ್ದು ನಿಮ್ಮವರೇ, ಅಂದರೆ ಬಸ್ ಕಂಡಕ್ಟರುಗಳು! ಜೆರ್ರಿ ಮಾರಿಸ್ ಎಂಬ ಡಾಕ್ಟರು ಲಂಡನ್ನಿನ ಡಬಲ್ ಡೆಕರ್ ಬಸ್ಸಿನ ನೌಕರರನ್ನು ಗಮನಿಸಿ 1953ರಲ್ಲಿ ಬರೆದರು. ಇಡೀ ದಿನ ಕೂತಿರುವ ಡ್ರೈವರುಗಳಿಗಿಂತ, ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ. ಮಾರಿಸ್ ಅಲ್ಲಿಗೇ ನಿಲ್ಲಿಸಲಿಲ್ಲ. ಮೂರು ವರ್ಷ ಬಿಟ್ಟು ಯೂನಿಫಾರ್ಮ್ ಪ್ಯಾಂಟುಗಳ ಸೊಂಟದ ಅಳತೆ ತೆಗೆದು ನೋಡಿದರು. ಡ್ರೈವರುಗಳ ಸೊಂಟ ಮೊದಲಿಂದಲೇ ದಪ್ಪ! ಹಾಗಾಗಿ ಎಲ್ಲವೂ ಮೆಟ್ಟಿಲಿನ ಮಹಿಮೆ ಅಲ್ಲ ಎಂದು ತಾವೇ ತೋರಿಸಿದರು. ಇಂಥ ಪ್ರಾಮಾಣಿಕರು ಅಪರೂಪ.

ಬಯಲುಸೀಮೆ ರೈಟ್ ರೈಟ್

ಮೇಷ್ಟ್ರೇ, ನಾನೂ ಕಂಡಕ್ಟರೇ, ಚಿತ್ರದುರ್ಗ ಕಡೆ. ನಮ್ಮ ಬಸ್ಸಿಗೆ ಮಹಡಿ ಇಲ್ಲ 😀 ಆದರೆ 2023ರ ಜೂನ್‌ನಲ್ಲಿ ಹೆಂಗಸರಿಗೆ ಫ್ರೀ ಆದ ಮೇಲೆ ಮುಂದಿಂದ ಹಿಂದಕ್ಕೆ ಹೋಗಿ ಬರುವುದೇ ದೊಡ್ಡ ವ್ಯಾಯಾಮ. ದುಡ್ಡಿಲ್ಲದಿದ್ದರೂ ಎಲ್ಲರಿಗೂ ಝೀರೋ ಟಿಕೆಟ್ ಹರಿದು ಕೊಡಲೇಬೇಕು. ನಿಂತು ನಿಂತು ಕಾಲು ಊದುತ್ತದೆ. ಇದನ್ನು ವಾಕಿಂಗ್ ಲೆಕ್ಕಕ್ಕೆ ಹಾಕಬಾರದಾ?

ಪಾಠದ ಮೇಷ್ಟ್ರು

ಕೂತಿರುವುದಕ್ಕಿಂತ ಸಾವಿರ ಪಾಲು ವಾಸಿ. ಆದರೆ ರಶ್ ಬಸ್ಸಿನಲ್ಲಿ ಎರಡು ಹೆಜ್ಜೆ ಇಟ್ಟು ನಿಲ್ಲುವುದು ಬೇರೆ, ಸ್ವಲ್ಪ ಉಸಿರು ಏರುವ ಹಾಗೆ ಹತ್ತು ನಿಮಿಷ ಬೀಸಾಗಿ ನಡೆಯುವುದು ಬೇರೆ ಅಲ್ವಾ?

ಮೂರು ಪಾಳಿ ಸಿಸ್ಟರ್

ಕಂಡಕ್ಟರ್ ಅಣ್ಣಾ, ನಾನು ನರ್ಸ್. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಮೂರೂ ಪಾಳಿ ನನಗೆ ಸುತ್ತುತ್ತಲೇ ಇರುತ್ತವೆ. ಹಾಗಾಗಿ "ದಿನಾ ಒಂದೇ ಹೊತ್ತಿಗೆ" ಎಂದು ಬರೆದದ್ದನ್ನೆಲ್ಲ ನಾನು ಓದದೆ ದಾಟಿಸಿಬಿಡುತ್ತೇನೆ. ಅದು ಒಂಬತ್ತರಿಂದ ಐದು ಕೆಲಸದವರಿಗೆ ಬರೆದದ್ದು.

ಆಸ್ಪತ್ರೆಯಲ್ಲಿ ಒಂದು ಅಭ್ಯಾಸ ನಮಗೆ ಚರ್ಮಕ್ಕೇ ಅಂಟಿದೆ, ಕೈ ತೊಳೆಯುವುದು. ಅದಕ್ಕೆ ಟೈಮ್ ಟೇಬಲ್ ಇದೆಯಾ? ಇಲ್ಲ. "ಹತ್ತು ಗಂಟೆಗೆ ಕೈ ತೊಳೆಯಿರಿ" ಎಂದು ಯಾರೂ ಹೇಳಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಐದು ಸಂದರ್ಭ ಹೇಳಿದೆ. ರೋಗಿಯನ್ನು ಮುಟ್ಟುವ ಮುಂಚೆ. ಇಂಜೆಕ್ಷನ್, ಡ್ರೆಸ್ಸಿಂಗ್‌ನಂಥ ಕೆಲಸಕ್ಕೆ ಕೈ ಹಾಕುವ ಮುಂಚೆ. ರಕ್ತಗಿಕ್ತ ತಾಗುವಂಥ ಕೆಲಸ ಆದ ಮೇಲೆ. ರೋಗಿಯನ್ನು ಮುಟ್ಟಿದ ಮೇಲೆ. ಅವರ ಮಂಚ, ಟೇಬಲ್ ಮುಟ್ಟಿದ ಮೇಲೆ. ನೈಟ್ ಡ್ಯೂಟಿ ಮೂರು ಗಂಟೆಗೆ ಕಣ್ಣು ಎಳೆಯುತ್ತಿದ್ದರೂ ಮಂಚ ಬಿಟ್ಟು ಬರುವಾಗ ಕೈ ತಾನಾಗಿ ಬಾಟಲಿಯ ಕಡೆ ಹೋಗುತ್ತದೆ. ಹುರುಪು ಇದೆಯಾ ಇಲ್ಲವಾ ಎಂದು ಆಗ ಯಾರು ನೋಡುತ್ತಾರೆ?

ಇದನ್ನು ನೋಡಿಯೇ ನಾನು ನನ್ನ ಓಡಾಟವನ್ನೂ ಗಡಿಯಾರದಿಂದ ಬಿಚ್ಚಿ ಕೆಲಸಕ್ಕೆ ಕಟ್ಟಿದೆ. ಮುಂದಿನ ಪಾಳಿಯವರಿಗೆ ವಾರ್ಡ್ ಒಪ್ಪಿಸಿದ ತಕ್ಷಣ ಮನೆಗಲ್ಲ, ಆಸ್ಪತ್ರೆ ಕಾಂಪೌಂಡ್ ಸುತ್ತ ಒಂದು ಸುತ್ತು. ಅದು ಬೆಳಿಗ್ಗೆ ಎಂಟಾಗಲಿ, ರಾತ್ರಿ ಎಂಟಾಗಲಿ. ಬ್ಯಾಗ್ ಹೆಗಲಲ್ಲೇ ಇರುತ್ತದೆ. ಮನೆಗೆ ಹೋಗಿ ಚಪ್ಪಲಿ ಬಿಟ್ಟರೆ ಮತ್ತೆ ಹೊರಡುವವಳಲ್ಲ ನಾನು, ಅದು ನನಗೆ ಚೆನ್ನಾಗಿ ಗೊತ್ತು.

ನಿಮಗೆ ಇನ್ನೊಂದು ಅನುಕೂಲ ಇದೆ. ಅರ್ಧ ಗಂಟೆ ಒಟ್ಟಿಗೆ ಸಿಗುವುದಿಲ್ಲ ಅಲ್ವಾ, ಬೇಕಾಗಿಯೂ ಇಲ್ಲ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಟೈಪ್ 2 ಶುಗರ್ ಇರುವ 41 ಜನ. ದಿನಕ್ಕೊಮ್ಮೆ ಯಾವಾಗಲಾದರೂ 30 ನಿಮಿಷ ನಡೆದಾಗ ಒಂದು ಲೆಕ್ಕ, ಮೂರು ಹೊತ್ತು ಊಟವಾದ ಮೇಲೆ ಹತ್ತತ್ತು ನಿಮಿಷ ನಡೆದಾಗ ಒಂದು ಲೆಕ್ಕ. ಊಟದ ನಂತರ ಏರುವ ಸಕ್ಕರೆ ಎರಡನೇ ರೀತಿಯಲ್ಲಿ ಸರಾಸರಿ 12 ಶೇಕಡಾ ಕಡಿಮೆ. ರಾತ್ರಿ ಊಟದ ಮೇಲೆ 22. ಅವರು ಶುಗರ್ ಬಂದವರು, ನೀವಿನ್ನೂ ಬಾರ್ಡರ್. ಆದರೂ ಊಟವಾದ ಮೇಲೆ ನಡೆದರೆ ಕಾಲಿನ ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಂಡು ಉರಿಸುತ್ತದೆ, ಅದು ಎಲ್ಲರಿಗೂ ಒಂದೇ.

ನಿಮ್ಮ ಡ್ಯೂಟಿ ಯಾವ ಹೊತ್ತಿಗೇ ಇರಲಿ, ಮೂರು ಹೊತ್ತು ತಿನ್ನುತ್ತೀರಿ ತಾನೇ? ಹಾಗಾದರೆ ಕಟ್ಟುವ ಗೂಟ ಸಿಕ್ಕಿತು. ಕೈ ತೊಳೆದ ಮೇಲೆ ಕೂರಬಾರದು, ಅಷ್ಟೇ ನಿಯಮ. ಬಸ್ ಸ್ಟ್ಯಾಂಡಿನ ಆ ತುದಿಗೆ ಹೋಗಿ ಬನ್ನಿ. ಹತ್ತು ನಿಮಿಷ ಆಗದಿದ್ದರೆ ಐದು. ಐದೂ ಆಗದ ದಿನ ಬಸ್ಸಿನ ಸುತ್ತ ಎರಡು ಸುತ್ತು ಹಾಕಿ ಹತ್ತಿಬಿಡಿ. ಶುರುವಿನಲ್ಲಿ ಎಷ್ಟು ನಡೆದಿರಿ ಅನ್ನುವುದು ಮುಖ್ಯ ಅಲ್ಲ, ಕೈ ತೊಳೆದಾಗ ಕಾಲು ಎದ್ದಿತಾ ಅನ್ನುವುದು ಮುಖ್ಯ.

ಟೀ ಬಗ್ಗೆ: ಸಕ್ಕರೆಯನ್ನು ದಿನಕ್ಕೆ 25 ಗ್ರಾಂ ಒಳಗೆ, ಅಂದರೆ ಆರು ಚಮಚದ ಒಳಗೆ ಇಟ್ಟರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಒಂದು ಹೋಟೆಲ್ ಟೀಗೆ ಒಂದೂವರೆ ಚಮಚ ಎಂದರೂ ಆರು ಟೀಗೆ ಒಂಬತ್ತು ಚಮಚ ಆಯಿತು. ಬಾಳೆಹಣ್ಣಿನ ಬನ್ಸು, ಸಂಜೆಯ ಬಿಸ್ಕತ್ತು ಬೇರೆ ಲೆಕ್ಕ. ಆರು ಟೀಯನ್ನೂ ಒಟ್ಟಿಗೆ ಬಿಡಬೇಡಿ, ತಲೆನೋವು ಬಂದು ಮೂರನೇ ದಿನ ಎಂಟು ಕುಡಿಯುತ್ತೀರಿ. ಮೊದಲು ಸಕ್ಕರೆ ತೆಗೆಸಿ.

ಘಾಟಿ ಕಂಡಕ್ಟರ್

ಸಿಸ್ಟರ್, ನೀವು ಹೇಳಿದ್ದು ತಲೆಗೆ ಹೋಯಿತು. ಎರಡು ಅಡ್ಡಿ ಇವೆ. ಒಂದು, ಕ್ಯಾಶ್ ಬ್ಯಾಗ್ ಮತ್ತು ಮಿಷನ್. ಎಲ್ಲೂ ಇಟ್ಟು ಹೋಗುವ ಹಾಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಬ್ಯಾಗಿನಲ್ಲಿ ನಾಣ್ಯದ ಭಾರವೇ ಬೇಕಾದಷ್ಟಿರುತ್ತದೆ. ಎರಡು, ಧರ್ಮಸ್ಥಳದಲ್ಲಿ ಊಟವಾದ ಮೇಲೆ ಹತ್ತು ನಿಮಿಷ ಸಿಕ್ಕರೂ ನನ್ನನ್ನು ಯೂನಿಫಾರ್ಮ್‌ನಲ್ಲಿ ನೋಡಿದವರು ಬಿಡುವುದಿಲ್ಲ. "ಮೂಡಿಗೆರೆ ಬಸ್ ಎಷ್ಟೊತ್ತಿಗೆ? ಸೀಟ್ ಇದೆಯಾ? ಲಗೇಜ್ ಎಲ್ಲಿ ಹಾಕಲಿ?" ಹತ್ತು ಜನಕ್ಕೆ ಉತ್ತರ ಕೊಡುವಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆದಿರುತ್ತಾನೆ.

ಬಯಲುಸೀಮೆ ರೈಟ್ ರೈಟ್

ಬ್ರದರ್, ಬ್ಯಾಗನ್ನು ಅಡ್ಡಕ್ಕೆ, ಎದೆಯ ಮೇಲೆ ಬರುವ ಹಾಗೆ ಹಾಕಿಕೊಂಡು ಜನ ಇರುವ ಕಡೆಯೇ ನಡೆಯಿರಿ. ಪ್ಲಾಟ್‌ಫಾರ್ಮ್ ಮೇಲೇ, ಆ ತುದಿಯಿಂದ ಈ ತುದಿ. ಚಿಲ್ಲರೆಯನ್ನು ಹೋಟೆಲ್ ಗಲ್ಲಾದಲ್ಲಿ ಕೊಟ್ಟು ನೋಟು ಮಾಡಿಸಿಕೊಳ್ಳಿ, ಭಾರವೂ ಇಳಿಯುತ್ತದೆ, ಅವರಿಗೂ ಖುಷಿ. ಜನಕ್ಕೆ ನಡೆಯುತ್ತಲೇ ಉತ್ತರ ಕೊಡಿ. ನಿಂತರೆ ಮುಗಿಯಿತು, ಸುತ್ತ ಸಂತೆ ಸೇರುತ್ತದೆ.

ನಾನು ಮಾಡುವ ಕೆಲಸ ಇನ್ನೊಂದು. ನನ್ನ ಡ್ರೈವರ್‌ಗೂ ಬಿಪಿ. ಅವನನ್ನೂ ಎಬ್ಬಿಸಿಕೊಂಡು ಹೋಗುತ್ತೇನೆ. ಅವನಿಲ್ಲದೆ ಬಸ್ ಹೊರಡುವುದಿಲ್ಲ, ಹಾರ್ನ್ ಹೊಡೆಯುವವರು ಯಾರು ಹೇಳಿ? ಆದರೆ ಶೆಡ್ಯೂಲ್ ಬದಲಾಗಿ ಬೇರೆ ಡ್ರೈವರ್ ಸಿಕ್ಕಿದ ವಾರ ಸ್ವಲ್ಪ ಕಷ್ಟ. ಕೆಲವರಿಗೆ ಊಟವಾದ ಮೇಲೆ ಸ್ಟೀರಿಂಗ್ ಮೇಲೆ ತಲೆ ಇಟ್ಟರೇ ಸಮಾಧಾನ. ಅವರನ್ನು ಎಬ್ಬಿಸಬೇಡಿ, ಘಾಟಿಯಲ್ಲಿ ನಿದ್ದೆಗಿಂತ ದೊಡ್ಡ ಔಷಧಿ ಇಲ್ಲ.

ಗಲ್ಲಾಪೆಟ್ಟಿಗೆ

ಎಲ್ಲರೂ ಆರೋಗ್ಯದ ಕಡೆಯಿಂದ ಹೇಳಿದರು. ನಾನು ಟೀ ಕೊಡುವ ಕಡೆಯವನು. ಘಟ್ಟದ ಕೆಳಗೆ ಬಸ್ ನಿಲ್ಲುವ ಹೋಟೆಲು ನಮ್ಮದು, ಯಾವ ಊರು ಅಂತ ಬೇಡ.

ಕಂಡಕ್ಟರೇ, ನೀವು ಟೀ ಬೇಡ ಎಂದರೆ ನಮಗೆ ಬೇಜಾರು ಎಂದು ತಿಳಿದಿದ್ದೀರಿ. ಸತ್ಯ ಹೇಳುತ್ತೇನೆ, ನಮಗೆ ಹಾಗೇನೂ ಇಲ್ಲ. ಬಸ್ ನಿಂತರೆ ನಲವತ್ತು ಜನ ಇಳಿಯುತ್ತಾರೆ, ನಮಗೆ ಬೇಕಾದ್ದು ಅದು. ನೀವು ಒಂದು ಲೋಟ ಬಿಸಿನೀರು ಕುಡಿದು ಕೂತರೂ ನಾವು ಸಂತೋಷವೇ. "ಟೀ ಸರಿಯಿಲ್ವಾ" ಎಂದು ಕೇಳುವುದು ಸುಮ್ನೆ ಮಾತಿಗೆ.

ತೊಂದರೆ ಬೇರೆ ಕಡೆ ಇದೆ. ನಿಮಗೆ ಟೀ ತರುವವನು ಯಜಮಾನ ಅಲ್ಲ, ಸಪ್ಲೈ ಹುಡುಗ. ಅವನು ಖಾಕಿ ಕಂಡ ತಕ್ಷಣ ಎರಡು ಲೋಟ ಎತ್ತಿಕೊಂಡು ಬರುತ್ತಾನೆ, ಅದು ಅವನ ಅಭ್ಯಾಸ. ಅದನ್ನು ಬಿಡಿಸಬೇಕಾದ್ದು ನೀವು. ಗಲ್ಲಾದಲ್ಲಿ ನನಗೆ ಹೇಳಿದರೆ ನಾನು ಸರಿ ಎನ್ನುತ್ತೇನೆ, ಮರೆಯುತ್ತೇನೆ. ಹುಡುಗನಿಗೇ ಹೇಳಿ, ಅದೂ ಕೂರುವ ಮೊದಲು, ಬಾಗಿಲಲ್ಲೇ. ಲೋಟ ಮೇಜಿನ ಮೇಲೆ ಬಂದ ಮೇಲೆ ಬೇಡ ಎನ್ನುವುದು ನಿಮಗೂ ಕಷ್ಟ, ಅವನಿಗೂ ಕಷ್ಟ. ಎರಡು ಮೂರು ಸಲ ಹೇಳಿದರೆ ನಿಮ್ಮ ಮುಖ ನೋಡಿಯೇ "ಶುಗರ್‌ಲೆಸ್ ಒಂದು" ಎಂದು ಒಳಗೆ ಕೂಗುತ್ತಾನೆ.

ನಮ್ಮಲ್ಲಿ ಟೀ ಪಾತ್ರೆಗೇ ಸಕ್ಕರೆ ಬಿದ್ದಿರುತ್ತದೆ. ರಶ್ ಹೊತ್ತಿನಲ್ಲಿ ಸಕ್ಕರೆ ಇಲ್ಲದ್ದು ಬೇರೆ ಮಾಡಬೇಕು, ಐದು ನಿಮಿಷ ಜಾಸ್ತಿ. ಆ ಐದು ನಿಮಿಷ ಹೊರಗೆ ನಡೆಯಿರಿ, ಸಿಸ್ಟರ್ ಹೇಳಿದ್ದೂ ಆಯಿತು! ಕಾಫಿಯಾದರೆ ಡಿಕಾಕ್ಷನ್ ಬೇರೆ, ಹಾಲು ಬೇರೆ, ಸಕ್ಕರೆ ಕೊನೆಗೆ. ಆದ್ದರಿಂದ ತಕ್ಷಣ ಸಿಗುತ್ತದೆ. ಕಷಾಯ ಆರೋಗ್ಯಕ್ಕೆ ಒಳ್ಳೆಯದು ಎಂದು ಅದಕ್ಕೆ ಹೋಗಬೇಡಿ, ನಮ್ಮ ಕಡೆ ಬೆಲ್ಲ ಬಿದ್ದಿರುತ್ತದೆ. ಮಜ್ಜಿಗೆ ಕೇಳಿ, ಯಾರೂ ಇಲ್ಲ ಅನ್ನುವುದಿಲ್ಲ.

ಗೋಳಿಬಜೆ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅದು ಮೈದಾ, ಎಣ್ಣೆ. ಆದರೆ ಮಳೆ ಹೊಡೆಯುವ ದಿನ ಬಾಣಲೆಯಿಂದ ಎತ್ತಿದ ಗೋಳಿಬಜೆಯನ್ನು ಬೇಡ ಎನ್ನಿ ಎಂದು ನನ್ನ ಬಾಯಲ್ಲಿ ಬರುವುದಿಲ್ಲ.

ಮೂರು ಪಾಳಿ ಸಿಸ್ಟರ್

ಎರಡು ತಿನ್ನಿ ಅಣ್ಣಾ, ಪ್ಲೇಟಲ್ಲ. ಉಳಿದದ್ದು ಡ್ರೈವರ್‌ಗೆ. ಅಯ್ಯೋ ಬೇಡ, ಅವರಿಗೂ ಬಿಪಿ ಇರಬಹುದು 😄

ಅರುಣೋದಯ

ಎಲ್ಲ ಓದಿದೆ. ಪಾಳಿ ಕೆಲಸದವರಿಗೆ ನನ್ನ ಲೆಕ್ಕ ಒಗ್ಗುವುದಿಲ್ಲ, ಒಪ್ಪಿದೆ. ಆದರೆ ಒಂದು ಮಾತು. ರಜೆಯ ದಿನವಾದರೂ ಬೆಳಿಗ್ಗೆ ಹೊರಗೆ ಹೋಗಿ. ಬಸ್ ಸ್ಟ್ಯಾಂಡಿನ ಡೀಸೆಲ್ ಹೊಗೆಯಲ್ಲಿ ಹತ್ತು ನಿಮಿಷ ನಡೆಯುವುದೂ, ನಿಮ್ಮ ಚಿಕ್ಕಮಗಳೂರಿನ ಚಳಿಯಲ್ಲಿ ಬೆಳಿಗ್ಗೆ ನಡೆಯುವುದೂ ಒಂದೇ ಅಲ್ಲ.

ಘಾಟಿ ಕಂಡಕ್ಟರ್

ಅದು ಸರಿ ಸರ್. ರಜೆಯ ದಿನ ಮಗಳನ್ನು ಕರೆದುಕೊಂಡು ಹೋಗುತ್ತೇನೆ, ಅವಳಿಗೆ ನಾನು ಎಚ್ಚರವಾಗಿ ಮನೆಯಲ್ಲಿ ಇರುವುದು ಸಿಗುವುದೇ ಕಡಿಮೆ.

ಈಗ ನಾನು ಹೀಗೆ ಅಂದುಕೊಂಡಿದ್ದೇನೆ. ಊಟ, ತಿಂಡಿ ಆಗಿ ಕೈ ತೊಳೆದರೆ ನಡಿಗೆ. ಹೊತ್ತು ನೋಡುವುದಿಲ್ಲ. ಹೋಟೆಲ್ ಬಾಗಿಲಲ್ಲೇ ಹುಡುಗನಿಗೆ "ಶುಗರ್‌ಲೆಸ್" ಎಂದು ಕೂಗುವುದು. ನಿನ್ನೆಯೇ ಹೇಳಿ ನೋಡಿದೆ, ಉಜಿರೆ ಕಡೆಯ ಒಬ್ಬ ಹುಡುಗ "ಅಣ್ಣನಿಗೂ ಬಂತಾ?" ಎಂದು ನಕ್ಕ, ಆದರೆ ತಂದುಕೊಟ್ಟ. ಸಕ್ಕರೆ ಇಲ್ಲದ ಟೀ ಸಪ್ಪೆ ಅಲ್ಲ, ಕಹಿ. ಆರರ ಬದಲು ಮೂರೇ ಕುಡಿಯಲು ಆದದ್ದು, ಹಾಗಾಗಿ ಒಂದೇ ಏಟಿಗೆ ಎರಡೂ ಕಡಿಮೆಯಾಯಿತು.

ಉಳಿದದ್ದು ಹಾಲ್ಟ್ ಊರಿನ ರಾತ್ರಿ. ಊಟವಾದ ಮೇಲೆ ಕತ್ತಲು, ಮಳೆ, ಇಂಬಳ. ಅಲ್ಲಿ ಏನು ಮಾಡಲಿ? ಇನ್ನೊಂದು, ಈ ಟೆಸ್ಟ್ ಮತ್ತೆ ಯಾವಾಗ ಮಾಡಿಸಲಿ? ಬರುವ ತಿಂಗಳು ಮಾಡಿಸಿದರೆ ಗೊತ್ತಾಗುತ್ತದಾ?

ಬಯಲುಸೀಮೆ ರೈಟ್ ರೈಟ್

ಖಾಲಿ ಬಸ್ಸಿಗಿಂತ ಒಳ್ಳೆಯ ರಸ್ತೆ ಬೇಕಾ? ಒಳಗೆ ಲೈಟ್ ಹಾಕಿಕೊಂಡು ಮುಂದಿನ ಬಾಗಿಲಿಂದ ಹಿಂದಿನ ಸೀಟಿಗೆ ಹೋಗಿ ಬನ್ನಿ. ಟಿಕೆಟ್ ಕೇಳುವವರು ಯಾರೂ ಇಲ್ಲ. ಬ್ಯಾಟರಿ ಇಳಿಯುತ್ತದೆ ಎಂದು ಡ್ರೈವರ್ ಬೈದರೆ ಮೊಬೈಲ್ ಟಾರ್ಚ್ ಸಾಕು.

ಮೂರು ಪಾಳಿ ಸಿಸ್ಟರ್

ಬರುವ ತಿಂಗಳು ಬೇಡ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅದಕ್ಕೆ ಅಂಟಿದ ಸಕ್ಕರೆಯನ್ನು ಅಳೆಯುವ ಟೆಸ್ಟ್ ಇದು. ಹಳೆಯ ಕಣಗಳು ಇನ್ನೂ ಓಡಾಡುತ್ತಿರುವಾಗ ಅಳೆದರೆ ನಿಮ್ಮ ಹಳೆಯ ಟೀಗಳ ಲೆಕ್ಕವೂ ಸೇರಿಯೇ ಬರುತ್ತದೆ, ಸಂಖ್ಯೆ ಅಷ್ಟಾಗಿ ಇಳಿದಿಲ್ಲ ಎಂದು ನೀವು ಬೇಜಾರಾಗಿ ಬಿಟ್ಟುಬಿಡುತ್ತೀರಿ. ಮೂರು ತಿಂಗಳು ಕಳೆಯಲಿ, ಆಮೇಲೆ ಅದೇ ಲ್ಯಾಬಿನಲ್ಲಿ ಮಾಡಿಸಿ, ಅದೇ ಡಾಕ್ಟರಿಗೆ ತೋರಿಸಿ. 5.7ರ ಕೆಳಗೆ ಬಂದರೆ ಬಾರ್ಡರ್ ದಾಟಿ ಈಚೆ ಬಂದಿರಿ ಎಂದು ಲೆಕ್ಕ. 6.5 ಮುಟ್ಟಿದರೆ ಶುಗರ್ ಎನ್ನುತ್ತಾರೆ, ಆಗ ಮಾತ್ರೆ ಬೇಕಾ ಎಂದು ಅವರೇ ಹೇಳುತ್ತಾರೆ. ಅಲ್ಲಿಯವರೆಗೆ ವಾರಕ್ಕೊಮ್ಮೆ ತೂಕ ನೋಡಿ, ಪ್ಯಾಂಟಿನ ಸೊಂಟ ನೋಡಿ. ಮೇಷ್ಟ್ರು ಹೇಳಿದ ಲಂಡನ್ ಡಾಕ್ಟರೂ ಅದನ್ನೇ ತಾನೇ ನೋಡಿದ್ದು.